ರೀವೈರಿಂಗ್ ಜೊತೆಗೆ ಎಳೆಸಿದ ಲ್ಯಾನ್ ಕೇಬಲ್: ಮೂರು ಮಳೆಗಾಲದ ಬಳಕೆಯ ನಂತರ

ನಮ್ಮದು ಬದಿಯಡ್ಕ ಕಡೆಯ ಹಳೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮನೆ. ವಯರಿಂಗ್ ಅಪ್ಪನ ಕಾಲದ್ದು, ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಕೂರಿಸಿದ್ದು. ಮಳೆಗಾಲದಲ್ಲಿ ಸ್ವಿಚ್ ಮುಟ್ಟಲು ಹೆದರಿಕೆಯಾಗುತ್ತಿತ್ತು. ಎಲ್ಲವನ್ನೂ ಕಿತ್ತು ಹೊಸದು ಮಾಡಿಸುವಾಗ ಕ್ಯಾಟ್ 6 ಲ್ಯಾನ್ ಕೇಬಲನ್ನೂ (ಕೋಣೆ ಕೋಣೆಗೆ ಇಂಟರ್ನೆಟ್ ಒಯ್ಯುವ ತಾಮ್ರದ ಕೇಬಲ್, ಕ್ಯಾಟ್ 6 ಅಂದರೆ ಅದರ ದರ್ಜೆ) ಗೋಡೆಯೊಳಗೆ ಎಳೆಸಿದೆವು. ಮೂರು ಮಳೆಗಾಲ ಕಳೆದಿದೆ. ಕೇಬಲ್ ಬಗ್ಗೆ ಬರೆಯುವವರು ಸ್ಪೀಡ್ ಬಗ್ಗೆಯೇ ಬರೆಯುತ್ತಾರೆ. ನಮ್ಮ ಕಾಸರಗೋಡಿನಲ್ಲಿ ಅದಕ್ಕಿಂತ ದೊಡ್ಡ ವಿಷಯ ಸಿಡಿಲು. ಅದನ್ನು ಯಾರೂ ಹೇಳದೇ ಇದ್ದದ್ದಕ್ಕೇ ಇದನ್ನು ಬರೆಯಲು ಕೂತೆ.

ಮೊದಲು ಕೆಲಸ ಹೇಗಾಯಿತು ಅಂತ ಹೇಳುತ್ತೇನೆ. ಮುರಕಲ್ಲಿನ ಗೋಡೆ ಕೊರೆಯುವುದು ಸುಲಭ, ಆದರೆ ಕೆಂಪು ಧೂಳು ವಾರಗಟ್ಟಲೆ ಮನೆ ಬಿಡುವುದಿಲ್ಲ. ಗೋಡೆ ಹೇಗೂ ಕೊರೆಯುತ್ತಾರಲ್ಲ, ಕೇಬಲ್ ಹಾಕಿಸಲು ಅದೇ ಸರಿಯಾದ ಹೊತ್ತು. ಎಲೆಕ್ಟ್ರಿಷಿಯನ್ ಊರಿನವನೇ, ಒಳ್ಳೆಯ ಕೆಲಸಗಾರ. "ಅಣ್ಣಾ, ಕರೆಂಟಿನ ಪೈಪಲ್ಲೇ ಇದನ್ನೂ ಎಳೆದರೆ ಆಯ್ತಲ್ಲಾ?" ಅಂದ. ಬೇಡ ಅಂದೆ. ಕರೆಂಟ್ ವಯರಿನ ಜೊತೆ ಒಂದೇ ಪೈಪಿನಲ್ಲಿ ಹಾಕುವುದು ಅಪಾಯ, ಸಿಗ್ನಲ್ಲಿಗೂ ತೊಂದರೆ. ಲ್ಯಾನಿಗೆ ಬೇರೆಯೇ 25 ಎಂಎಂ ಪೈಪ್, ಕರೆಂಟಿನ ಪೈಪಿನಿಂದ ಒಂದಡಿ ದೂರ. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿದೆವು. ಪ್ರತಿ ಪೈಪಿನಲ್ಲೂ ಒಂದು ನೈಲಾನ್ ಹಗ್ಗ ಬಿಡಿಸಿದೆ, ಮುಂದೆ ಏನಾದರೂ ಎಳೆಯಬೇಕಾದರೆ ಅಂತ. ಆ ಹಗ್ಗದ ಕಥೆ ಕೊನೆಗೆ ಬರುತ್ತದೆ.

ಎಲ್ಲ ಕೋಣೆಯ ಕೇಬಲ್ಲೂ ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ ಅಟ್ಟದ ಮೆಟ್ಟಿಲ ಕೆಳಗಿನ ಗೋಡೆ ಕಪಾಟಿಗೆ ಬರುತ್ತದೆ. ಅಲ್ಲೇ ಪ್ಯಾಚ್ ಪ್ಯಾನಲ್ (ಎಲ್ಲ ಕೇಬಲಿನ ತುದಿ ಕೂರಿಸುವ ಪಟ್ಟಿ), ನೆಟ್‌ವರ್ಕ್ ಸ್ವಿಚ್ (ಇಂಟರ್ನೆಟ್ಟನ್ನು ಎಲ್ಲ ಕೇಬಲಿಗೆ ಹಂಚುವ ಪೆಟ್ಟಿಗೆ), ರೂಟರ್. ಚಾವಡಿ, ಅಮ್ಮನ ಕೋಣೆ, ಮೇಲಿನ ಕೋಣೆ ಅಂತ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ.

ಅಂಗಡಿಯಿಂದ ಮೊದಲು ಬಂದ ಕೇಬಲ್ ಪೆಟ್ಟಿಗೆ ಎತ್ತಿದಾಗ ತೂಕ ಕಡಿಮೆ ಅನ್ನಿಸಿತು. ಒಂದು ತಂತಿಯ ಸಿಪ್ಪೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯುಮಿನಿಯಂ ತಂತಿಗೆ ತಾಮ್ರ ಸವರಿದ್ದು! ಪೆಟ್ಟಿಗೆಯ ಮೇಲೆ ಮಾತ್ರ ದೊಡ್ಡದಾಗಿ ಕ್ಯಾಟ್ 6. ಅಂಥದ್ದು ಬಗ್ಗಿಸಿದರೆ ಬೇಗ ತುಂಡಾಗುತ್ತದೆ, ಕೇಬಲ್ ಮೂಲಕವೇ ಕ್ಯಾಮೆರಾಗೆ ಕರೆಂಟ್ ಕೊಟ್ಟರೆ ಜಾಸ್ತಿ ಬಿಸಿಯಾಗುತ್ತದೆ. ಹಿಂದೆ ಕೊಟ್ಟು, ಪೂರ್ತಿ ತಾಮ್ರದ 305 ಮೀಟರಿನ ಪೆಟ್ಟಿಗೆ ತರಿಸಿದೆ. ಬೆಲೆ ಹೆಚ್ಚು, ಆದರೆ ಗೋಡೆಯೊಳಗೆ ಹೂತು ಹಾಕುವ ವಸ್ತುವಿನಲ್ಲಿ ಉಳಿತಾಯ ಮಾಡಿ ಪ್ರಯೋಜನ ಇಲ್ಲ. ನೀವೂ ಬ್ಲೇಡ್ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಅಡುಗೆಮನೆ ಪಕ್ಕದ ಪೋರ್ಟಿನ (ಗೋಡೆಯ ಲ್ಯಾನ್ ಸಾಕೆಟ್ಟಿನ) ಸ್ಪೀಡ್ ಮಾತ್ರ ಮೊದಲ ದಿನ 100 ಎಂಬಿಪಿಎಸ್‌ನಲ್ಲೇ ನಿಂತಿತು. ಗಿಗಾಬಿಟ್, ಅಂದರೆ 1000 ಬೇಕಾದರೆ ಒಳಗಿನ ನಾಲ್ಕೂ ಜೋಡಿ ತಂತಿ ಸರಿ ಇರಬೇಕು, 100ಕ್ಕೆ ಎರಡೇ ಸಾಕು. ಜಾಕ್ ತೆರೆದು ನೋಡಿದರೆ ಕಂದು ತಂತಿ ಅರ್ಧ ಮಾತ್ರ ಕೂತಿತ್ತು. ಪಂಚಿಂಗ್ ಟೂಲಿನಲ್ಲಿ ಟಪ್ ಅಂತ ಒತ್ತಿದ ಮೇಲೆ 1000 ಬಂತು. ಎಲ್ಲ ಜಾಕ್‌ಗಳಲ್ಲೂ ಒಂದೇ ಬಣ್ಣದ ಕ್ರಮ, ತಿರುಚಿದ ಜೋಡಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಇವೆರಡನ್ನು ಮಾತ್ರ ಎದುರಿಗೆ ನಿಂತು ನೋಡಿಕೊಳ್ಳಿ.

ಇನ್ನು ಸಂತೋಷದ ವಿಷಯ. ಅಮ್ಮನಿಗೆ ಯಕ್ಷಗಾನ ಅಂದರೆ ಪ್ರಾಣ. ಸಂಜೆ ದೀಪ ಹಚ್ಚಿ, ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟುಕೊಂಡು ಟಿವಿ ಎದುರು ಕೂತರೆ ಊಟದ ಹೊತ್ತಿನವರೆಗೆ ಆಟವೋ ತಾಳಮದ್ದಳೆಯೋ ನಡೆಯುತ್ತಲೇ ಇರಬೇಕು. ಮೊದಲು ವೈಫೈ ಸಿಗ್ನಲ್ ಎರಡು ಮುರಕಲ್ಲಿನ ಗೋಡೆ ದಾಟಿ ಅವರ ಕೋಣೆಗೆ ಬರಬೇಕಿತ್ತು. ಭಾಗವತರು ಏರು ಶ್ರುತಿಯಲ್ಲಿ ಪದ ಎತ್ತಿದ ಹೊತ್ತಿಗೇ ಚಕ್ರ ತಿರುಗಲು ಶುರು. ಅರ್ಥಧಾರಿಯ ಮಾತು ಅರ್ಧಕ್ಕೇ ತುಂಡು. ರಿಪೀಟರ್ ತಂದು ಇಟ್ಟರೂ ಅಷ್ಟಕ್ಕಷ್ಟೆ, ಅದೇ ಅರೆಬರೆ ಸಿಗ್ನಲನ್ನು ಅದು ಮತ್ತೆ ಹಂಚುತ್ತದೆ. ಟಿವಿಗೆ ಕೇಬಲ್ ಚುಚ್ಚಿದ ದಿನದಿಂದ ಚೆಂಡೆಯ ಒಂದು ಪೆಟ್ಟೂ ತಪ್ಪಿಲ್ಲ. ಅಮ್ಮ ಈಗ ರಿಮೋಟ್ ಹಿಡಿದು ನನ್ನನ್ನು ಕರೆಯುವುದೇ ಇಲ್ಲ. ಬಹಳಷ್ಟು ಟಿವಿಗಳ ಲ್ಯಾನ್ ಸಾಕೆಟ್ ಇವತ್ತಿಗೂ 100 ಎಂಬಿಪಿಎಸ್‌ದೇ, ಆದರೆ ವಿಡಿಯೋಗೆ ಅದು ಧಾರಾಳ ಸಾಕು. ಬೆಂಗಳೂರಿನಿಂದ ಮಗಳು ಬಂದರೆ ಮೇಲಿನ ಕೋಣೆಯಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಾಳೆ. ಅಲ್ಲೊಂದು ವೈಫೈ ಪೆಟ್ಟಿಗೆಯನ್ನೂ ಕೇಬಲಿಗೇ ಜೋಡಿಸಿದ್ದೇವೆ, ಫೋನಿಗೂ ಆಯಿತು.

ಇಲ್ಲಿವರೆಗೆ ಎಲ್ಲ ಚೆಂದ. ತೊಂದರೆ ಬಂದದ್ದು ತುಲಾ ತಿಂಗಳ ಮಳೆಯಲ್ಲಿ. ಅಕ್ಟೋಬರ್ ನವೆಂಬರಿನ ಮಧ್ಯಾಹ್ನದ ಮೇಲೆ ನಮ್ಮಲ್ಲಿ ಗುಡುಗು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೋಡ ಕಪ್ಪಾದ ಕೂಡಲೇ ಟಿವಿ, ರೂಟರ್ ಎಲ್ಲದರ ಪ್ಲಗ್ ಕೀಳುವುದು ನಮ್ಮ ಮನೆಯ ಪದ್ಧತಿ. ಆ ದಿನವೂ ಕಿತ್ತಿದ್ದೆವು. ಪಕ್ಕದ ತೋಟದ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಮಳೆ ನಿಂತ ಮೇಲೆ ನೋಡಿದರೆ ಅಡಿಕೆ ಶೆಡ್ಡಿನ ಕ್ಯಾಮೆರಾ ಸತ್ತಿತ್ತು. ನೆಟ್‌ವರ್ಕ್ ಸ್ವಿಚ್ಚಿನ ಅರ್ಧದಷ್ಟು ಪೋರ್ಟುಗಳ ದೀಪ ಉರಿಯಲಿಲ್ಲ. ಟಿವಿ ಆನ್ ಆಯಿತು, ಆದರೆ ಅದರ ಲ್ಯಾನ್ ಸಾಕೆಟ್ ಹೋಗಿತ್ತು. ಅಮ್ಮನ ಮುಖ ನೋಡಲಾಗಲಿಲ್ಲ.

ಪ್ಲಗ್ ಕಿತ್ತರೂ ಹೀಗೇಕೆ? ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ಹತ್ತಿರ ಹೊಡೆದರೂ ಉದ್ದನೆಯ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಎದ್ದು ಬರುತ್ತದೆ. ಶೆಡ್ಡಿನ ಕ್ಯಾಮೆರಾಗೆ ಹೋಗುವ ಲ್ಯಾನ್ ಕೇಬಲ್ ಅಂಗಳದ ಮಣ್ಣಿನಡಿ ಪೈಪಿನಲ್ಲಿ ಹಾದು ಹೋಗುತ್ತಿತ್ತು. ಮನೆಗೊಂದು ಅರ್ಥಿಂಗ್, ಶೆಡ್ಡಿಗೊಂದು ಅರ್ಥಿಂಗ್. ಸಿಡಿಲು ನೆಲಕ್ಕಿಳಿದಾಗ ಎರಡು ಕಡೆಯ ನೆಲದ ವೋಲ್ಟೇಜ್ ಒಂದೇ ಇರುವುದಿಲ್ಲ, ಆ ವ್ಯತ್ಯಾಸ ನಡುವೆ ಇರುವ ತಾಮ್ರದಲ್ಲಿ ಹರಿಯುತ್ತದೆ. ಲ್ಯಾನ್ ಸಾಕೆಟ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯಬೇಕು ಅಂತ ನಿಯಮ ಇದೆ. ಸಿಡಿಲಿನ ಎದುರು ಅದು ಏನೂ ಅಲ್ಲ. ಕೇಬಲ್ ಮಾರಿದವರು, ಕ್ಯಾಮೆರಾ ಕೂರಿಸಿದವರು ಯಾರೂ ಇದರ ಮಾತೇ ಎತ್ತಲಿಲ್ಲ. ವರ್ಷವರ್ಷ ಸಿಡಿಲು ಹೊಡೆಯುವ ಊರಿನಲ್ಲಿ ಕೆಲಸ ಮಾಡುವವರು ಇಷ್ಟಾದರೂ ಹೇಳಬೇಡವೇ? ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಶೆಡ್ಡಿಗೆ ಈಗ ಫೈಬರ್. ಪೈಪಿನಲ್ಲಿ ಬಿಟ್ಟ ನೈಲಾನ್ ಹಗ್ಗಕ್ಕೆ ಕಟ್ಟಿ ಎಳೆದಾಗ ಅಂಗಳ ಅಗೆಯದೆ ಒಂದೇ ಬೆಳಿಗ್ಗೆಯಲ್ಲಿ ಕೆಲಸ ಮುಗಿಯಿತು. ಫೈಬರ್ ಅಂದರೆ ಗಾಜಿನ ಎಳೆ, ಸಿಡಿಲಿನ ಕರೆಂಟ್ ಅದರಲ್ಲಿ ಬರುವುದಿಲ್ಲ. ಆದರೆ ಒಂದು ಎಚ್ಚರ. ಮನೆಗೆ ಇಂಟರ್ನೆಟ್ ತರುವ ಕಪ್ಪು ಫೈಬರ್ ಕೇಬಲಿನ ಬದಿಯಲ್ಲಿ ಸಾಮಾನ್ಯವಾಗಿ ಒಂದು ಸ್ಟೀಲ್ ತಂತಿ ಇರುತ್ತದೆ. ಅದನ್ನೇ ಹಾಕಿದರೆ ಮತ್ತೆ ಲೋಹ ಬಂತಲ್ವಾ? ಲೋಹವೇ ಇಲ್ಲದ್ದನ್ನು ಕೇಳಿ ತರಿಸಿದೆ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಬೇಕು. ಫೈಬರ್ ಮೂಲಕ ಕ್ಯಾಮೆರಾಗೆ ಕರೆಂಟ್ ಕೊಡಲಾಗುವುದಿಲ್ಲವಾದ್ದರಿಂದ ಅದನ್ನು ಶೆಡ್ಡಿನಿಂದಲೇ ಕೊಟ್ಟೆವು. ಇಷ್ಟೆಲ್ಲ ಸೇರಿದರೂ ಹಾಳಾದ ಸಾಮಾನಿನ ಬೆಲೆಗಿಂತ ಕಡಿಮೆಯೇ ಆಯಿತು. ಮನೆಯೊಳಗೆ ತಾಮ್ರವೇ ಇದೆ. ಮೋಡ ಕಟ್ಟಿದರೆ ಈಗ ಕಪಾಟು ತೆರೆದು ಪ್ಯಾಚ್ ಕಾರ್ಡುಗಳನ್ನೂ (ಪ್ಯಾನಲ್ ಮತ್ತು ಸ್ವಿಚ್ಚಿನ ನಡುವಿನ ಗಿಡ್ಡ ಕೇಬಲುಗಳು) ಕಿತ್ತು ಬಿಡುತ್ತೇವೆ, ಅಮ್ಮನ ಟಿವಿಯ ತುದಿಯನ್ನು ಅಮ್ಮನೇ ಕೀಳುತ್ತಾರೆ. ಟಿವಿಗೆ ಲ್ಯಾನ್ ಸಾಕೆಟ್ ಇರುವ ಒಂದು ಆಂಡ್ರಾಯ್ಡ್ ಬಾಕ್ಸ್ ಜೋಡಿಸಿದೆ, ಆಟ ಮೊದಲಿನಂತೆ ನಡೆಯುತ್ತಿದೆ.

ಚಿಕ್ಕ ತೊಂದರೆ ಒಂದಿದೆ. ಬಳಸದ ಪೋರ್ಟುಗಳಲ್ಲಿ ಕಣಜದ ಹುಳ ಮಣ್ಣು ತುಂಬಿ ಗೂಡು ಕಟ್ಟುತ್ತದೆ. ರಬ್ಬರ್ ಮುಚ್ಚಳ ಹಾಕಿದ ಮೇಲೆ ನಿಂತಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಕೆಲಸ ಗೇಟಿನ ಕ್ಯಾಮೆರಾ. ದರ ಹೇಳಲು ಬಂದವರು ಮತ್ತೆ ತಾಮ್ರದ ಕೇಬಲಿನ ಲೆಕ್ಕವನ್ನೇ ಬರೆದು ಕೊಟ್ಟಿದ್ದಾರೆ. ಅಂಗಳ ದಾಟುವುದಾದರೆ ಫೈಬರ್, ಇಲ್ಲದಿದ್ದರೆ ಬರುವುದೇ ಬೇಡ ಅಂತ ಫೋನ್ ಮಾಡಿ ಹೇಳಿದ್ದೇನೆ.