ಹೊಸ ಮರೈನ್ ಟ್ಯಾಂಕಿಗೆ ಮೊದಲ ಮೀನು ಬಿಡುವ ಮುನ್ನ ಇದನ್ನೊಮ್ಮೆ ಓದಿ

"ಟ್ಯಾಂಕಲ್ಲಿ ಬೇರೆ ಮೀನೇ ಇಲ್ಲವಲ್ಲ, ಯಾರಿಂದ ಯಾರಿಗೆ ರೋಗ ಹರಡುತ್ತೆ? ಮೊದಲ ಮೀನಿಗೆ ಕ್ವಾರಂಟೈನ್ ಎಲ್ಲ ಬೇಡ, ನೇರವಾಗಿ ಬಿಡಿ." ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಶುರುಮಾಡುವವರು ಈ ಮಾತನ್ನು ಎಲ್ಲಾದರೂ ಕೇಳಿಯೇ ಕೇಳುತ್ತಾರೆ. ಮೀನು ಮಾರಿದವರು ನನಗೂ ಇದನ್ನೇ ಹೇಳಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಈ ಸಲಹೆಯ ದೆಸೆಯಿಂದ ನನ್ನ ಎರಡು ಕ್ಲೌನ್ ಮೀನುಗಳಲ್ಲಿ ಒಂದು ಸತ್ತಿತು, ಇನ್ನೊಂದು ಬದುಕಿದ್ದೇ ಹೆಚ್ಚು, ಟ್ಯಾಂಕು ತಿಂಗಳುಗಟ್ಟಲೆ ಮೀನಿಲ್ಲದೆ ನಿಂತಿತು. ಇನ್ನೊಬ್ಬರ ಮೀನಿಗೆ ಈ ಗತಿ ಬಾರದಿರಲಿ ಅಂತ ಬರೆಯುತ್ತಿದ್ದೇನೆ.

ನೀರಿನಲ್ಲಿ ದೋಷವಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕಿನ ಸೈಕಲ್, ಅಂದರೆ ಮೀನು ಬಿಡುವ ಮುನ್ನ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳುವ ಕೆಲಸ, ಪೂರ್ತಿ ಮುಗಿದಿತ್ತು. 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಅಮೋನಿಯ ಹಾಕಿದರೆ 24 ಗಂಟೆಯೊಳಗೆ ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿಯುತ್ತಿದ್ದವು. ಉಪ್ಪಿನ ಸಾಂದ್ರತೆ 1.025, ಪಿಎಚ್ 8.2, ಉಷ್ಣತೆಯೂ ಸ್ಥಿರ. ಆದರೆ ಸೈಕಲ್ ಮುಗಿಯಿತು ಅಂದರೆ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಸಿದ್ಧವಾಗಿದೆ ಎಂದಷ್ಟೇ ಅರ್ಥ. ಮೀನು ತನ್ನ ಮೈಮೇಲೆ ಏನನ್ನು ಹೊತ್ತು ತರುತ್ತದೆ ಎಂಬುದನ್ನು ಯಾವ ಟೆಸ್ಟ್ ಕಿಟ್ಟೂ ಹೇಳುವುದಿಲ್ಲ.

ಮೊದಮೊದಲು ಎರಡೂ ಚೆನ್ನಾಗಿ ತಿನ್ನುತ್ತಿದ್ದವು. ಆಮೇಲೆ ಒಂದು ಮೀನು ಕಲ್ಲಿಗೆ ಮೈ ಉಜ್ಜಲು ಶುರುಮಾಡಿತು. ಮರುದಿನ ಈಜುರೆಕ್ಕೆಗಳ ಮೇಲೆ ಪುಡಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಮಾರಿದವರನ್ನು ಕೇಳಿದರೆ, "ಜಾಗ ಬದಲಾದ ಒತ್ತಡ ಅಷ್ಟೇ. ಆಹಾರವನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೊಡಿ, ಹೋಗುತ್ತೆ" ಎಂದರು. ನಿಜಕ್ಕೂ ಚುಕ್ಕೆಗಳು ಹೋದವು! ಮೈ ಮತ್ತೆ ಹೊಳೆಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ಮೋಸದ ಘಟ್ಟ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಈ ರೋಗಕ್ಕೆ ಕಾರಣ ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಪರಾವಲಂಬಿ. ಹವ್ಯಾಸಿಗಳು ಮರೈನ್ ಇಚ್ ಎನ್ನುತ್ತಾರೆ. ಅದು ಮೀನಿನ ಚರ್ಮದಲ್ಲೂ ಕಿವಿರಿನಲ್ಲೂ ಹೊಕ್ಕು ಸಾಮಾನ್ಯವಾಗಿ 3ರಿಂದ 7 ದಿನ ತಿಂದು ಬೆಳೆಯುತ್ತದೆ. ಬೆಳೆದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗಿಳಿದು ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ನೂರಾರು ಆಗುತ್ತದೆ. ಕವಚ ಒಡೆದು ಹೊರಬಂದ ಮರಿಗಳು ಒಂದೆರಡು ದಿನದೊಳಗೆ ಮೀನು ಸಿಕ್ಕದಿದ್ದರೆ ಸಾಯುತ್ತವೆ. ಕಡಲಿನಲ್ಲಿ ಹೆಚ್ಚಿನವು ಹಾಗೇ ಸಾಯುತ್ತವೆ, ಅಷ್ಟು ನೀರಿನಲ್ಲಿ ಮೀನು ಸಿಗುವುದು ಕಷ್ಟ. ಗಾಜಿನ ಪೆಟ್ಟಿಗೆಯಲ್ಲಿ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಅಂದರೆ ಚುಕ್ಕೆ ಮಾಯವಾದದ್ದು ಬೆಳ್ಳುಳ್ಳಿಯಿಂದಲ್ಲ. ಹುಳ ಹೊಟ್ಟೆ ತುಂಬಿ ಇಳಿದು ಹೋಗಿತ್ತು, ಅಷ್ಟೇ. ಮತ್ತೆ ಬಂದಾಗ ಮೈತುಂಬ ಬಂತು. ಮೀನು ನೀರಿನ ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿತ್ತು, ಕಿವಿರು ಅಷ್ಟರಲ್ಲೇ ಹಾಳಾಗಿತ್ತು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಈಗ ನೆನೆದರೂ ಸಂಕಟವಾಗುತ್ತದೆ.

"ಯಾರಿಂದ ಯಾರಿಗೆ ಹರಡುತ್ತೆ" ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ರೋಗ ಹರಡುವುದು ಮೀನಿನಿಂದ ಟ್ಯಾಂಕಿಗೆ. ಹೊಸ ಟ್ಯಾಂಕಿನಷ್ಟು ಶುದ್ಧವಾದದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಮೊದಲ ಮೀನು ಆ ಶುದ್ಧಿಯನ್ನು ಕೆಡಿಸಿದರೆ, ಆಮೇಲೆ ಎಷ್ಟು ಮೀನುಗಳನ್ನು ಎಷ್ಟು ಎಚ್ಚರದಿಂದ ಕ್ವಾರಂಟೈನ್ ಮಾಡಿ ತಂದರೂ ವ್ಯರ್ಥ. ಹಾಗಾಗಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ಕ್ವಾರಂಟೈನ್ ಬೇಕಾದ್ದು ಮೊದಲ ಮೀನಿಗೇ.

ಟ್ಯಾಂಕಿಗೇ ಔಷಧ ಹಾಕಿದರಾಯಿತಲ್ಲ ಅನ್ನುತ್ತೀರಾ? ಈ ಪರಾವಲಂಬಿಗೆ ನಂಬಬಹುದಾದ ಮದ್ದು ತಾಮ್ರ. ಆದರೆ ತಾಮ್ರ ಬಸವನಹುಳು, ಸೀಗಡಿ, ಹವಳಗಳನ್ನು ಕೊಲ್ಲುತ್ತದೆ. ಮೇಲಾಗಿ ಸುಣ್ಣದಂಶದ ಕಲ್ಲೂ ಮರಳೂ ಅದನ್ನು ಹೀರಿಕೊಳ್ಳುವುದರಿಂದ ಪ್ರಮಾಣ ನಿಲ್ಲುವುದಿಲ್ಲ. ಕವಚದೊಳಗೆ ಇರುವುದನ್ನಂತೂ ಅದು ಮುಟ್ಟುವುದೇ ಇಲ್ಲ. ಹವಳಕ್ಕೆ ಹಾನಿಯಿಲ್ಲ, ಇಚ್ ಮಾತ್ರ ಸಾಯುತ್ತದೆ ಎಂದು ಬರೆದ ಬಾಟಲಿಗಳನ್ನು ನಾನಂತೂ ನಂಬುವುದಿಲ್ಲ. ಸಿಹಿನೀರಿನ ಮೀನು ಸಾಕಿದವರು ಬಿಸಿ ಹೆಚ್ಚಿಸಿ ಉಪ್ಪು ಹಾಕುವ ಉಪಾಯ ಹೇಳುತ್ತಾರೆ. ಅಲ್ಲಿಯ ಇಚ್ ಬೇರೆಯೇ ಜೀವಿ, ಆ ಉಪಾಯ ಇಲ್ಲಿ ನಡೆಯದು.

ಉಳಿದ ದಾರಿ ಒಂದೇ. ಮೀನನ್ನೆಲ್ಲ ಹೊರತೆಗೆದು ಬೇರೆ ಟ್ಯಾಂಕಿನಲ್ಲಿ ಚಿಕಿತ್ಸೆ ಕೊಡಬೇಕು, ಮುಖ್ಯ ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕು. ಹೆಚ್ಚಿನ ಕವಚಗಳು ಒಂದು ತಿಂಗಳೊಳಗೆ ಒಡೆಯುತ್ತವೆ, ಆದರೆ 72 ದಿನದವರೆಗೂ ಉಳಿದದ್ದು ದಾಖಲಾಗಿದೆ. ಹವ್ಯಾಸಿಗಳು 76 ದಿನ ಕಾಯುವುದು ಅದಕ್ಕೇ. ಬಸವನಹುಳು, ಸೀಗಡಿ ಅಲ್ಲೇ ಇರಬಹುದು. ಅಷ್ಟು ದಿನ ಮೀನಿಲ್ಲದ ಟ್ಯಾಂಕನ್ನು ನೋಡಿಕೊಂಡಿರುವುದಕ್ಕಿಂತ ಮೊದಲೇ ಒಂದು ಚಿಕ್ಕ ಕ್ವಾರಂಟೈನ್ ಟ್ಯಾಂಕ್ ಇಡುವುದು ಎಷ್ಟೋ ಸುಲಭ.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮರಳು, ಕಲ್ಲು ಇಲ್ಲದ ಬರಿಗಾಜಿನ ಟ್ಯಾಂಕ್, ಹೀಟರ್, ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು, ಸ್ಪಾಂಜ್ ಫಿಲ್ಟರ್ ಸಾಕು. ಮುಖ್ಯ ಟ್ಯಾಂಕಿನ ಸೈಕಲ್ ನಡೆಯುವಾಗಲೇ ಆ ಸ್ಪಾಂಜನ್ನು ಅಲ್ಲಿ ಇಟ್ಟಿದ್ದರೆ ಬ್ಯಾಕ್ಟೀರಿಯಾ ಅದರಲ್ಲೂ ನೆಲೆಸುತ್ತದೆ. ಮೀನು ದೂರದಿಂದ ಬಂದಿದ್ದರೆ ಹೊಸ ನೀರಿಗೆ ಒಗ್ಗಿಸಲೆಂದು ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದಾಗಿ ಅಲ್ಲಿಯ ಅಮೋನಿಯದ ವಿಷ ಅಡಗಿರುತ್ತದೆ. ಬಿಚ್ಚಿದೊಡನೆ ಪಿಎಚ್ ಏರಿ ಆ ವಿಷ ಹೆಡೆಯೆತ್ತುತ್ತದೆ. ಚೀಲದ ನೀರಿನ ಉಪ್ಪು ಎಷ್ಟೆಂದು ಮೊದಲೇ ಕೇಳಿ ತಿಳಿದು ಕ್ವಾರಂಟೈನ್ ನೀರನ್ನು ಅದಕ್ಕೆ ಹೊಂದಿಸಿಡಿ. ಆಗ ಉಷ್ಣತೆ ಸರಿಹೋದ ಕೂಡಲೇ ಮೀನನ್ನು ದಾಟಿಸಬಹುದು.

ಕ್ವಾರಂಟೈನ್ ಟ್ಯಾಂಕಿನಲ್ಲಿ ಕಲ್ಲು, ಮರಳು, ಹವಳ ಇಲ್ಲದ್ದರಿಂದ ಅಲ್ಲಿ ತಾಮ್ರ ಬಳಸಬಹುದು. ತಾಮ್ರ ಹಾಕಲು ಅಳುಕಿದ್ದರೆ ಟ್ಯಾಂಕ್ ಟ್ರಾನ್ಸ್‌ಫರ್ ಎಂಬ ವಿಧಾನ ಇದೆ. ಮೂರು ದಿನ ಮುಗಿಯುವ ಮುಂಚೆ ಮೀನನ್ನು ಶುಚಿಮಾಡಿ ಒಣಗಿಸಿ ಹೊಸ ನೀರು ತುಂಬಿದ ಇನ್ನೊಂದು ಟ್ಯಾಂಕಿಗೆ ದಾಟಿಸುವುದು, ಹೀಗೆ ನಾಲ್ಕು ಸಲ. ಇಳಿದ ಹುಳ ಹಿಂದೆ ಉಳಿಯುತ್ತದೆ. ಆದರೆ ಇದು ಇಚ್‌ಗೆ ಮಾತ್ರ. ದೂಳಿನಂಥ ಸಣ್ಣ ಚುಕ್ಕೆ ಬಂದು ವೇಗವಾಗಿ ಕೊಲ್ಲುವ ವೆಲ್ವೆಟ್ ಎಂಬ ರೋಗ ಬೇರೆ, ಕ್ಲೌನ್ ಮೀನಿನ ಮೈಯಲ್ಲಿ ದಪ್ಪ ಲೋಳೆ ಕಟ್ಟಿಸುವ ಬ್ರೂಕ್ಲಿನೆಲ್ಲ ಎಂಬ ಪರಾವಲಂಬಿ ಬೇರೆ. ಬ್ರೂಕ್ಲಿನೆಲ್ಲಕ್ಕೆ ತಾಮ್ರವನ್ನು ನೆಚ್ಚಿಕೊಳ್ಳುವಂತಿಲ್ಲ.

ಬಸವನಹುಳುವಿನ ಚಿಪ್ಪಿಗೋ ಹವಳದ ಬುಡಕ್ಕೋ ಅಂಟಿಕೊಂಡು ಕವಚಗಳು ಬರಬಹುದು. ಮೀನಿದ್ದ ನೀರಿನಿಂದ ಬಂದ ಯಾವುದನ್ನೂ ಹಾಗೇ ಹಾಕಬೇಡಿ, ಒದ್ದೆ ಬಲೆಯನ್ನೂ ಕೂಡ.

ಈಗಾಗಲೇ ಮೀನು ಬಿಟ್ಟಾಗಿದೆ, ಚುಕ್ಕೆ ಕಾಣುತ್ತಿದೆ ಎನ್ನುವವರು ಅದು ತಾನಾಗಿ ಹೋದೀತೆಂದು ಕಾಯಬೇಡಿ. ಮೀನು ಇನ್ನೂ ತಿನ್ನುತ್ತಿರುವಾಗಲೇ, ಇವತ್ತೇ, ಚಿಕಿತ್ಸೆಯ ಟ್ಯಾಂಕಿಗೆ ನೀರು ತುಂಬಿಸಿ.