ಥಂಡರ್‌ಬರ್ಡ್‌ನಲ್ಲಿ ಜೋಡಿ ಅಕೌಂಟ್: ಒಂದನ್ನು ಕಿತ್ತು ಹಾಕೋದು ಸುಲಭ, ಆದರೆ ಸೆಂಟ್ ಫೋಲ್ಡರ್ ನೋಡಿಕೊಳ್ಳಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಹುಬ್ಬಳ್ಳಿಯ ಟ್ಯಾಕ್ಸ್ ಆಫೀಸ್ ಇರಲಿ, ವರ್ಷಗಟ್ಟಲೆಯ ಬಿಲ್ಲು, ಕೊಟೇಶನ್ ಎಲ್ಲ ಒಂದೇ ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಇಂಥ ಕಡೆ ಮೇಲ್ ನೋಡುವ, ಕಳಿಸುವ ಸಾಫ್ಟ್‌ವೇರ್ ಆಗಿ ಥಂಡರ್‌ಬರ್ಡ್ ಒಳ್ಳೆಯ ಆಯ್ಕೆ. ಪುಕ್ಕಟೆ ಸಿಗುತ್ತದೆ, ಮೇಲ್ ಎಲ್ಲಿದೆ ಅನ್ನೋದನ್ನು ಮುಚ್ಚಿಡುವುದಿಲ್ಲ.

ದೊಡ್ಡ ಕೊರತೆ ಒಂದಿದೆ. ಪಾಪ್ ಅಕೌಂಟನ್ನು (ಮೇಲನ್ನು ಸರ್ವರಿನಿಂದ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಿಂದ, ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ) ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಇರುವ ಬಗೆ) ಮಾಡಬೇಕೆಂದರೆ ಇದ್ದದ್ದನ್ನೇ ಬದಲಿಸಲು ಬರುವುದಿಲ್ಲ, ಹೊಸದಾಗಿ ಸೇರಿಸಬೇಕು. ಹಳೆಯದು ಹಾಗೇ ಉಳಿದು, ಎಡಗಡೆಯ ಪಟ್ಟಿಯಲ್ಲಿ ಒಂದೇ ವಿಳಾಸ ಎರಡು ಸಲ ಕಾಣುತ್ತದೆ. ಅವಸರದಲ್ಲಿ ಒಂದನ್ನು ಕಿತ್ತು ಹಾಕುವವರು ಮೇಲ್ ಕಳೆದುಕೊಳ್ಳುವುದು ಇಲ್ಲೇ.

ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಸರ್ವರ್ ಸೆಟ್ಟಿಂಗ್ಸ್ ತೆರೆದು ಸರ್ವರ್ ಟೈಪ್ ಓದಿ. ಐಮ್ಯಾಪ್ ಆಗಿದ್ದರೆ ಮೇಲ್ ಸರ್ವರಿನಲ್ಲೇ ಇರುತ್ತದೆ, ಇಲ್ಲಿ ಅಕೌಂಟ್ ತೆಗೆದರೆ ಅಲ್ಲಿ ಏನೂ ಅಳಿಯುವುದಿಲ್ಲ. ಪಾಪ್ ಆಗಿದ್ದರೆ ಹುಷಾರು. ಸರ್ವರಿನಲ್ಲಿ 14 ದಿನ ಮಾತ್ರ ಇಡು ಎಂಬ ಸೆಟ್ಟಿಂಗ್ ಇದ್ದಲ್ಲಿ ಹಳೇ ಮೇಲ್ ಈ ಹಾರ್ಡ್‌ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಎಲ್ಲರೂ ಇನ್‌ಬಾಕ್ಸ್ ನೋಡುತ್ತಾರೆ, ಕಳಿಸಿದ ಮೇಲ್ ಇರುವ ಸೆಂಟ್ ಫೋಲ್ಡರ್ ಮರೆಯುತ್ತಾರೆ. ಪಾಪ್‌ನಲ್ಲಿ ಕಳಿಸಿದ ಮೇಲಿನ ಪ್ರತಿ ಸಾಮಾನ್ಯವಾಗಿ ಸರ್ವರಿಗೆ ಹೋಗಿಯೇ ಇರುವುದಿಲ್ಲ.

ಅದೇ ಪುಟದ ಕೆಳಗೆ ಲೋಕಲ್ ಡೈರೆಕ್ಟರಿ ಎಂಬ ಸಾಲಿದೆ. ಎರಡು ಅಕೌಂಟಿಗೂ ಅಲ್ಲಿ ಒಂದೇ ಫೋಲ್ಡರ್ ಕಂಡರೆ ಮುಂದೆ ಹೋಗಬೇಡಿ, ಒಂದರ ಡೇಟಾ ಅಳಿಸಿದರೆ ಇನ್ನೊಂದರದೂ ಹೋಗುತ್ತದೆ. ಬೇರೆ ಬೇರೆ ಇದ್ದರೆ ಆ ಫೋಲ್ಡರ್ ತೆರೆದು ನೋಡಿ. ಹೆಸರಿನ ಕೊನೆಗೆ ಚುಕ್ಕಿ-ಅಕ್ಷರಗಳ ಬಾಲವಿಲ್ಲದ, ಬರೀ ಇನ್‌ಬಾಕ್ಸ್ ಅನ್ನುವ ಫೈಲೇ ನಿಜವಾದ ಮೇಲ್. ಪಕ್ಕದ ಎಂಎಸ್‌ಎಫ್ ಫೈಲ್ ಅದರ ಸೂಚಿ ಅಷ್ಟೇ. ಒಂದು ಕಡೆ 3 ಜಿಬಿ, ಇನ್ನೊಂದು ಕಡೆ 0 ಕೆಬಿ ಇದ್ದರೆ ಯಾವುದು ಖಾಲಿ ಅಂತ ಕೇಳಬೇಕಿಲ್ಲ.

ಥಂಡರ್‌ಬರ್ಡ್ ಪೂರ್ತಿ ಮುಚ್ಚಿ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಇಡೀ ಪ್ರೊಫೈಲ್ ಫೋಲ್ಡರ್ ನಕಲು ಮಾಡಿ. ಮುಚ್ಚುವ ಮೊದಲೇ ಅದರ ದಾರಿ ನೋಡಿಕೊಳ್ಳಿ, ಅದು ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ನಲ್ಲಿದೆ. ನಕಲನ್ನು ಪೆನ್‌ಡ್ರೈವಿಗೆ ಹಾಕುವುದಾದರೆ, ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ.

ಆಮೇಲೆ ಥಂಡರ್‌ಬರ್ಡ್ ತೆರೆದು, ಎಡಗಡೆಯ ಪಟ್ಟಿಯ ಲೋಕಲ್ ಫೋಲ್ಡರ್ಸ್ ಅಡಿಯಲ್ಲಿ ಹೊಸ ಫೋಲ್ಡರ್ ಮಾಡಿ, ಪಾಪ್‌ನ ಇನ್‌ಬಾಕ್ಸ್, ಸೆಂಟ್ ಎರಡರ ಮೇಲನ್ನೂ ಆರಿಸಿ ರೈಟ್ ಕ್ಲಿಕ್ಕಿನ ಕಾಪಿ ಟು ಇಂದ ಅಲ್ಲಿಗೆ ಹಾಕಿ. ಮೂವ್ ಬೇಡ, ನಡುವೆ ಕರೆಂಟ್ ಹೋದರೂ ಮೂಲ ಉಳಿದಿರಬೇಕು. ಸಾವಿರಗಟ್ಟಲೆ ಮೇಲ್ ಇದ್ದರೆ ಐದೈದು ನೂರರಂತೆ ಮಾಡಿ, ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಎರಡೂ ಕಡೆಯ ಸಂಖ್ಯೆ ತಾಳೆ ನೋಡಿ.

ಉಳಿಸಿಕೊಳ್ಳುವ ಅಕೌಂಟನ್ನು ಡಿಫಾಲ್ಟ್ ಮಾಡಿ, ಇನ್ನೊಂದನ್ನು ಆರಿಸಿ, ಅಕೌಂಟ್ ಆ್ಯಕ್ಷನ್ಸ್‌ನಲ್ಲಿ ರಿಮೂವ್ ಅಕೌಂಟ್ ಒತ್ತಿ. ಆಗ ಬರುವ ಪೆಟ್ಟಿಗೆ ಥಂಡರ್‌ಬರ್ಡ್‌ನ ಮೆಚ್ಚುವ ಗುಣ: ಅಕೌಂಟ್ ಮಾಹಿತಿ ಬೇರೆ, ಮೆಸೇಜ್ ಡೇಟಾ ಬೇರೆ. ಮೆಸೇಜ್ ಡೇಟಾಕ್ಕೆ ಟಿಕ್ ಹಾಕಬೇಡಿ. ಫೈಲುಗಳು ಡಿಸ್ಕಿನಲ್ಲೇ ಉಳಿಯುತ್ತವೆ, ಒಂದು ತಿಂಗಳು ಕೆಲಸ ಸರಾಗವಾಗಿ ನಡೆದ ಮೇಲೆ ಕೈಯಾರೆ ಅಳಿಸಬಹುದು.

ಅಕೌಂಟಿನ ಜೊತೆ ಮೇಲ್ ಕಳಿಸಲು ಬಳಸುವ ಎಸ್‌ಎಂಟಿಪಿ ಸರ್ವರ್ ತಾನಾಗಿ ಹೋಗುವುದಿಲ್ಲ. ಔಟ್‌ಗೋಯಿಂಗ್ ಸರ್ವರ್ ಪಟ್ಟಿಯಲ್ಲಿ ಹಳೆಯದನ್ನು ಅಳಿಸುವ ಮುನ್ನ, ಉಳಿದ ಅಕೌಂಟ್ ಅದರ ಮೂಲಕವೇ ಮೇಲ್ ಕಳಿಸುತ್ತಿಲ್ಲ ಅನ್ನೋದನ್ನು ಖಾತ್ರಿ ಮಾಡಿಕೊಳ್ಳಿ. ಬಂದ ಮೇಲನ್ನು ತಾನಾಗಿ ವಿಂಗಡಿಸುವ ಹಳೇ ಅಕೌಂಟಿನ ಫಿಲ್ಟರ್‌ಗಳನ್ನೂ ಹೊಸದರಲ್ಲಿ ಮತ್ತೆ ಬರೆಯಬೇಕು.