ಕಟ್ಟಿಕೊಂಡ ಏರ್‌ಬ್ರಷ್: ಸೋಪುನೀರು, ಐಪಿಎ, ಥಿನ್ನರ್, ಅಲ್ಟ್ರಾಸಾನಿಕ್

ಚೌತಿಗೆ ಹನ್ನೊಂದು ದಿನ ಇತ್ತು. ಉಡುಪಿಯ ಕಡಿಯಾಳಿಯಲ್ಲಿ ದೊಡ್ಡಪ್ಪನ ಮನೆಯ ಚಾವಡಿ ತುಂಬ ಮಣ್ಣಿನ ಗಣಪತಿಗಳು. ಮೈಬಣ್ಣ ದೊಡ್ಡಪ್ಪನದ್ದು, ಬ್ರಷ್‌ನಲ್ಲಿ. ಕೆನ್ನೆ, ಸೊಂಡಿಲಿನ ಮಡಿಕೆ, ಹೊಟ್ಟೆಯ ಪಕ್ಕದ ನೆರಳು ನನ್ನದು, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ. ಒಂದು ಸೊಂಡಿಲು ಅರ್ಧ ಆಗುವಾಗ ಬಣ್ಣ ತೆಳ್ಳಗಾಗುತ್ತಾ ಬಂದು ನಿಂತೇ ಹೋಯಿತು. ಟ್ರಿಗರ್ ಎಷ್ಟು ಹಿಂದೆ ಎಳೆದರೂ ಬರೀ ಗಾಳಿ.

"ಎಂತ, ಕಟ್ಟಿತಾ? ಪ್ರೆಷರ್ ಏರಿಸ್ಬೇಡ ಮಾರಾಯ, ಬಿಚ್ಚಿ ನೋಡು" ಅಂದರು ದೊಡ್ಡಪ್ಪ.

ಅವರು ಹೇಳಿದ್ದು ಸರಿ. ಪ್ರೆಷರ್ ಏರಿಸಿದರೆ ಒಣಗಿದ ಬಣ್ಣದ ತುಣುಕು ಒಮ್ಮೆಲೇ ಹಾರಿ ಮೂರ್ತಿಯ ಮುಖಕ್ಕೇ ಬೀಳುತ್ತದೆ. ನನ್ನದು ಮೇಲೆ ಬಣ್ಣದ ಕಪ್ ಇರುವ, ಟ್ರಿಗರ್ ಒತ್ತಿದರೆ ಗಾಳಿ, ಹಿಂದೆ ಎಳೆದರೆ ಬಣ್ಣ ಬರುವ ಡ್ಯುಯಲ್ ಆ್ಯಕ್ಷನ್ ಏರ್‌ಬ್ರಷ್. ಬಣ್ಣ ಹೊರಬರುವ ನಾಜಲ್ 0.3 ಮಿ.ಮೀ. ಬಳಸುವುದು ನೀರಿನ ಅಕ್ರಿಲಿಕ್, ಸುಮಾರು 20 ಪಿಎಸ್‌ಐ ಒತ್ತಡದಲ್ಲಿ. ಅಷ್ಟು ಸಣ್ಣ ತೂತಿಗೆ ಒಂದು ನೂಲಿನ ಎಳೆ ಸಾಕು. ನನಗೆ ಅದು ಆಗಿಯೂ ಉಂಟು. ಹಳೆ ಪಂಚೆ ಬಟ್ಟೆಯಲ್ಲಿ ಬಣ್ಣ ಸೋಸಿದ್ದೆ, ಆ ಬಟ್ಟೆಯ ನೂಲೇ ಒಳಗೆ ಸಿಕ್ಕಿತ್ತು. ಈಗ ಸೋಸುವುದು ನೈಲಾನ್ ಬಟ್ಟೆಯಲ್ಲಿ ಮಾತ್ರ.

ಆ ಚೌತಿ ಹೇಗೋ ಮುಗಿಯಿತು. ಆಮೇಲೆ ಬಿಡುವಿನಲ್ಲಿ ಕೂತು ಒಂದು ಪರೀಕ್ಷೆ ಮಾಡಿದೆ. ಒಂದೇ ಅಳತೆಯ ನಾಲ್ಕು ನಾಜಲ್ ತೆಗೆದುಕೊಂಡೆ. ನಾಲ್ಕಕ್ಕೂ ಒಂದೇ ಕೆಂಪು ಬಣ್ಣ ತುಂಬಿ ಎರಡು ದಿನ ಒಣಗಲು ಬಿಟ್ಟೆ. ಒಂದೊಂದಕ್ಕೆ ಒಂದೊಂದು ಮದ್ದು.

ಮದ್ದಿಗೆ ಮೊದಲು ಒಂದು ಮಾತು. ಬಣ್ಣ ಸರಿ ಬರಲಿಲ್ಲ ಅಂದ ಕೂಡಲೇ ಅದು ಕಟ್ಟಿದ್ದೇ ಅಂತ ಇಲ್ಲ. ಕಪ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ಹಿಂದಕ್ಕೆ ನುಗ್ಗುತ್ತಿದೆ. ನಾಜಲ್ ಸಡಿಲ ಆಗಿರಬಹುದು, ಇಲ್ಲವೇ ಬಿರುಕು ಬಿಟ್ಟಿರಬಹುದು. ಬಣ್ಣ ಒಂದು ಬದಿಗೆ ವಾಲಿ ಬಂದರೆ ನಾಜಲ್ ಒಳಗೆ ಕೂರುವ ಸೂಜಿಯ ತುದಿ ಬಗ್ಗಿದೆಯಾ ನೋಡಬೇಕು. ಗಾಜಿನ ಮೇಲೆ ಉರುಳಿಸಿದರೆ ಗೊತ್ತಾಗುತ್ತದೆ. ಇನ್ನು ನಮ್ಮ ಕಡೆಯ ದೊಡ್ಡ ಕಾರಣ ನೀರು. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತೇವ ಜಾಸ್ತಿ. ಕಂಪ್ರೆಸರ್ ಆ ಗಾಳಿಯನ್ನು ಒತ್ತುವಾಗ ಬಿಸಿಯಾಗುತ್ತದೆ, ಟ್ಯಾಂಕ್ ಮತ್ತು ಪೈಪಿನಲ್ಲಿ ತಣಿದಾಗ ನೀರು ಇಳಿಯುತ್ತದೆ. ಆ ನೀರನ್ನು ಏರ್‌ಬ್ರಷ್ ಆಗಾಗ ಹನಿಯಾಗಿ ಉಗುಳುತ್ತದೆ. ನಾನು ಒಂದು ಇಡೀ ಮಳೆಗಾಲ ಇದನ್ನೇ ಕಟ್ಟಿದ್ದು ಅಂತ ತಿಳಿದು, ಚೆನ್ನಾಗಿದ್ದ ನಾಜಲನ್ನು ಸುಮ್ನೆ ಬಿಚ್ಚಿ ಬಿಚ್ಚಿ ತೊಳೆದಿದ್ದೇನೆ. ವ್ಯತ್ಯಾಸ ಹೀಗೆ: ಕಟ್ಟಿದರೆ ಬಣ್ಣ ಕ್ರಮೇಣ ಕಡಿಮೆಯಾಗುತ್ತದೆ. ನೀರಾದರೆ ಚೆನ್ನಾಗಿ ಬರುತ್ತಾ ಬರುತ್ತಾ ಇದ್ದಕ್ಕಿದ್ದಂತೆ ಚುಕ್ಕಿ ಬೀಳುತ್ತದೆ. ಪೈಪಿಗೆ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಹಾಕಿ, ದಿನದ ಕೊನೆಗೆ ಟ್ಯಾಂಕಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಟ್ಟ ಮೇಲೆ ಆ ಕಾಟ ನಿಂತಿತು.

ಬಣ್ಣ ಇನ್ನೂ ಹಸಿ ಇದ್ದರೆ ಯಾವ ಮದ್ದೂ ಬೇಡ. ಕಪ್ ಒರೆಸಿ, ನೀರು ಹಾಕಿ, ಮುಂದಿನ ಬಾಯಿಗೆ ಬಟ್ಟೆ ಒತ್ತಿ ಹಿಡಿದು ಟ್ರಿಗರ್ ಮೆಲ್ಲ ಎಳೆದರೆ ಗಾಳಿ ಹಿಂದಕ್ಕೆ ಬಂದು ಕಪ್‌ನಲ್ಲಿ ಬುಳುಬುಳು ಅನ್ನುತ್ತದೆ. ಎರಡು ಸಲ ಮಾಡಿದರೆ ಸಾಕು. ಕಪ್ ಒರೆಸದೆ ಮಾಡಿದರೆ ಮಾತ್ರ ಅಂಚಿನ ಒಣ ಬಣ್ಣವೂ ಇಳಿದು ನಾಜಲ್‌ಗೆ ಹೋಗುತ್ತದೆ.

ಈಗ ಒಣಗಿದ್ದಕ್ಕೆ ಬರುತ್ತೇನೆ. ಸೋಪುನೀರು ಅಂದರೆ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ, ಆದರೆ ಕರಗುವುದಿಲ್ಲ. ಒಂದು ರಾತ್ರಿ ನೆನೆಸಿದೆ, ಬೆಳಿಗ್ಗೆ ಮತ್ತೆ ಬಿಸಿನೀರು ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ಬಣ್ಣ ಸಿಪ್ಪೆಯಂತೆ ಕಳಚಿ ಬಂತು. ಯಾವುದಕ್ಕೂ ಹಾನಿ ಇಲ್ಲ, ಖರ್ಚೂ ಇಲ್ಲ. ಚೌತಿಯ ವಾರದಲ್ಲಿ ಅಷ್ಟು ಹೊತ್ತು ಯಾರ ಹತ್ತಿರ ಉಂಟು, ಅಲ್ವಾ?

ಥಿನ್ನರ್ ಅದಕ್ಕೆ ಪೂರ್ತಿ ಉಲ್ಟಾ. ಪೇಂಟ್ ಅಂಗಡಿಯಲ್ಲಿ ಲ್ಯಾಕರ್ ತೆಳು ಮಾಡಲು ಕೊಡುವ ಎನ್‌ಸಿ ಥಿನ್ನರ್‌ನಲ್ಲಿ ಹತ್ತೇ ನಿಮಿಷಕ್ಕೆ ನಾಜಲ್ ಹೊಸದರ ಹಾಗೆ ಹೊಳೆಯಿತು. ಆ ವೇಗ ನೋಡಿ ಇಡೀ ಏರ್‌ಬ್ರಷ್‌ನ ಮುಂದಿನ ಭಾಗವನ್ನೇ ಅದರಲ್ಲಿ ಮುಳುಗಿಸಿದೆ. ಒಳಗಿದ್ದ ರಬ್ಬರ್ ಓ-ರಿಂಗ್ ಉಬ್ಬಿ, ಮತ್ತೆ ಜಾಗಕ್ಕೆ ಕೂರಲಿಲ್ಲ. ಹೊಸ ರಿಂಗ್ ಬರುವವರೆಗೆ ಆ ಏರ್‌ಬ್ರಷ್ ಮೂಲೆಯಲ್ಲಿ. ಟೆಫ್ಲಾನ್ ವಾಷರ್ ಆಗಿದ್ದರೆ ತಡೆಯುತ್ತಿತ್ತು, ಎಲ್ಲ ಏರ್‌ಬ್ರಷ್‌ನಲ್ಲೂ ಅದು ಇರುವುದಿಲ್ಲ. ವಾಸನೆ ಇನ್ನೊಂದು ಸಂಕಟ. ಮಳೆಗೆ ಕಿಟಕಿ ಮುಚ್ಚಿದ ಚಾವಡಿಯಲ್ಲಿ ತಲೆ ಸುತ್ತುತ್ತದೆ, ಪಕ್ಕದಲ್ಲಿ ದೇವರ ದೀಪ ಉರಿಯುತ್ತಿದ್ದರೆ ಬೆಂಕಿಯ ಅಪಾಯ. ನಾನು ಈಗ ಥಿನ್ನರ್ ಮುಚ್ಚಳ ತೆಗೆಯುವುದೇ ಹೊರಗಿನ ಜಗಲಿಯಲ್ಲಿ. ಅದೂ ಬರೀ ಲೋಹದ ನಾಜಲ್‌ಗೆ, ಬೇರೆ ದಾರಿ ಇಲ್ಲದಾಗ.

ಐಪಿಎ, ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸುವ ಆ ಐಸೊಪ್ರೊಪೈಲ್ ಆಲ್ಕೋಹಾಲ್, ನಡುವಿನದು. ಸುಮಾರು ಒಂದು ಗಂಟೆಗೆ ಬಣ್ಣ ಅಂಟಂಟಾಗಿ ಬಿಟ್ಟಿತು, ಸಣ್ಣ ಬ್ರಷ್‌ಗೆ ಪೂರ್ತಿ ಬಂತು. ಆದರೆ ಇದನ್ನು ಬಳಸುವ ಕ್ರಮ ತಪ್ಪಬಾರದು. ಹಸಿ ಅಕ್ರಿಲಿಕ್‌ಗೆ ನೀರು ಬೆರೆಸದ ಐಪಿಎ ನೇರ ಸುರಿದರೆ ಬಣ್ಣ ಒಡೆದು ರಬ್ಬರಿನಂತೆ ಮುದ್ದೆ ಕಟ್ಟುತ್ತದೆ. ಸುಲಭದಲ್ಲಿ ತೊಳೆದು ಹೋಗುವುದನ್ನು ನಾವೇ ಕಟ್ಟಿಸಿದ ಹಾಗೆ. ಮೊದಲು ನೀರು, ಕಪ್‌ನಲ್ಲಿ ಬಣ್ಣ ಕಾಣದಷ್ಟು ತೊಳೆದ ಮೇಲೆ ಐಪಿಎ. ದೊಡ್ಡಪ್ಪನ ಮಗನಿಗೆ ಇದನ್ನು ಮೂರು ಸಲ ಹೇಳಿದ್ದೇನೆ.

ಅಲ್ಟ್ರಾಸಾನಿಕ್ ಕ್ಲೀನರ್ ಕನ್ನಡಕದ ಅಂಗಡಿಯಲ್ಲಿ ನೋಡಿರುತ್ತೀರಿ. ಸೆಕೆಂಡಿಗೆ ಸುಮಾರು 40 ಸಾವಿರ ಸಲ ನಡುಗಿ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ ಒಡೆಯುತ್ತದೆ. ಬ್ರಷ್ ಹೋಗದ ಜಾಗಕ್ಕೂ ಆ ಗುಳ್ಳೆ ಹೋಗುತ್ತದೆ. ನಾನು ಸಣ್ಣದಕ್ಕೆ 1,800 ರೂಪಾಯಿ ಕೊಟ್ಟೆ. ಬಿಸಿ ಸೋಪುನೀರಿನಲ್ಲಿ ಮೂರು ನಿಮಿಷದಂತೆ ನಾಲ್ಕು ಸಲ ಓಡಿಸಿದಾಗ ನಾಜಲ್‌ನಿಂದ ಕೆಂಪು ಹೊಗೆಯ ಹಾಗೆ ಬಣ್ಣ ಇಳಿಯುವುದು ಕಣ್ಣಿಗೇ ಕಂಡಿತು. ಬೆಳಕಿಗೆ ಹಿಡಿದಾಗ ತೂತು ದುಂಡಗೆ, ಸ್ವಚ್ಛ. ಸೂಜಿಯನ್ನು ಮಾತ್ರ ನಾನು ಅದಕ್ಕೆ ಹಾಕುವುದಿಲ್ಲ. ತೊಟ್ಟಿಗೆ ತಾಗಿ ತಾಗಿ ತುದಿ ಹಾಳಾಗುತ್ತದೆ. ಬಟ್ಟೆಯಲ್ಲಿ ಹಿಂದಿನಿಂದ ತುದಿಯ ಕಡೆಗೆ ಒರೆಸಿದರೆ ಸಾಕು. ತೊಟ್ಟಿಗೆ ಥಿನ್ನರ್ ಅಥವಾ ಐಪಿಎ ಯಾವತ್ತೂ ಸುರಿಯಬಾರದು, ಅದರ ಆವಿಗೆ ಬೆಂಕಿ ಹಿಡಿಯಬಹುದು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ನೀರು ಮತ್ತು ಐಪಿಎ. ವರ್ಷಕ್ಕೆ ಹತ್ತಿಪ್ಪತ್ತು ಮೂರ್ತಿ ಮಾಡುವವರಾದರೆ ಅಲ್ಟ್ರಾಸಾನಿಕ್‌ಗೆ ದುಡ್ಡು ಹಾಕಿ. ನನ್ನ ಮಟ್ಟಿಗೆ ನಾಲ್ಕರಲ್ಲಿ ಅದೇ ಮೇಲು.

ಯಾವ ಮದ್ದು ಮಾಡಿದರೂ ನಾಜಲ್ ಒಳಗೆ ಹೊಲಿಗೆ ಸೂಜಿಯನ್ನೋ ಗುಂಡುಸೂಜಿಯನ್ನೋ ತೂರಿಸಬೇಡಿ. ಮೆತ್ತಗಿನ ಲೋಹ, ಬಾಯಿ ಅಗಲವಾದರೆ ಮತ್ತೆ ತೆಳು ಗೆರೆ ಬರುವುದೇ ಇಲ್ಲ. ಜೋಡಿಸುವಾಗ ನಾಜಲ್ ಮೊದಲು, ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ. ಆಮೇಲೆ ಸೂಜಿ, ತಡೆದಲ್ಲಿಗೆ ನಿಲ್ಲಿಸಿ. ಒತ್ತಿದರೆ ನಾಜಲ್ ಬಿರಿಯುತ್ತದೆ. ಮೂರ್ತಿಗೆ ಹಿಡಿಯುವ ಮೊದಲು ನೀರು ಹಾಕಿ ಪೇಪರ್ ಮೇಲೆ ಒಂದು ಗೆರೆ ಎಳೆದು ನೋಡಿ.